ಅಟ್ಟದಿಂದಿಳಿದ ಯಂತ್ರದೋಣಿ

ಮನೆಯ ಅಟ್ಟವೆಂಬುದು ಒಂದು ವಿಚಿತ್ರವಾದ ಸ್ಥಳ. ಬೇಡವಾದ ವಸ್ತು ಅಲ್ಲಿಗೆ ಏರುವುದಿಲ್ಲ. ಅದನ್ನು ನಾವು ಎಂದೋ ಬಿಸಾಡಿರುತ್ತೇವೆ. ಬೇಕಾದುದೂ ಅಲ್ಲಿಗೆ ಏರುವುದಿಲ್ಲ. ಅದು ಕೈಗೆ ಸಿಕ್ಕುವಂತೆ ಕೆಳಗೇ ಇರುತ್ತದೆ. ಬಳಸಲು ಬಾರದ, ಬಿಸಾಡಲು ಮನಸ್ಸೊಪ್ಪದ ವಸ್ತುಗಳಿಗೆ ಮಾತ್ರ ಅಟ್ಟದಲ್ಲಿ ಆಶ್ರಯ. ಅಂತಹ ವಸ್ತುವೊಂದರ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡಬೇಕೆಂದಿದ್ದೇವೆ. ಅದು ರೇಡಿಯೋ ಅಲೆಗಳಿಂದ ನಡೆಯುವ ಒಂದು ಪುಟ್ಟ ಯಂತ್ರದೋಣಿ.

ದಡದಲ್ಲಿ ನಿಂತವನ ಇಚ್ಛೆಯಂತೆ, ನಡುವೆ ಹಗ್ಗವಾಗಲಿ ತಂತಿಯಾಗಲಿ ಇಲ್ಲದೆ, ನೀರಿನ ಮೇಲಣ ದೋಣಿಯು ತಿರುಗುವುದೆಂದರೆ ಇಂದಿನ ಮಕ್ಕಳಿಗೆ ಆಶ್ಚರ್ಯವೇನೂ ಇಲ್ಲ. ಆದರೆ ೧೮೯೮ರಲ್ಲಿ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬಲ್ಲಿ ನಿಕೋಲಾ ಟೆಸ್ಲಾ ಎಂಬ ಪ್ರಸಿದ್ಧ ವಿಜ್ಞಾನಿಯು ಇದನ್ನು ಮೊದಲು ತೋರಿಸಿದಾಗ ಜನರು ಬೆರಗಾದರು. ಆ ವರ್ಷದ ನವೆಂಬರ್ ೮ರಂದು ಆತನಿಗೆ ಅದರ ಹಕ್ಕುಪತ್ರವೂ ದೊರೆಯಿತು. ಆಕಾಶದಲ್ಲಿ ವಿಮಾನವೇ ಹಾರದಿದ್ದ ಕಾಲದಲ್ಲಿ ದೋಣಿಯೊಂದು ಕಾಣದ ಕೈಯ ಆಜ್ಞೆಯನ್ನು ಪಾಲಿಸಿತು ಎಂಬುದನ್ನು ನೆನೆದರೆ ಈಗಲೂ ವಿಸ್ಮಯವೆನಿಸುತ್ತದೆ.

ಆದರೂ ಈ ವಿದ್ಯೆಯು ಸಾಮಾನ್ಯ ಗೃಹಸ್ಥರ ಕೈಗೆ ಬರಲು ಅರ್ಧ ಶತಮಾನ ಹಿಡಿಯಿತು. ಇಂಗ್ಲೆಂಡಿನಲ್ಲಿ ಚಿಕ್ಕ ಯಂತ್ರದೋಣಿಗಳನ್ನು ಕಟ್ಟುವ ಹವ್ಯಾಸ ಬಹಳ ಹಳೆಯದು. ಲಂಡನ್ನಿನ ವಿಕ್ಟೋರಿಯಾ ಪಾರ್ಕಿನ ಕೆರೆಯ ದಡದಲ್ಲಿ ೧೯೦೪ರಲ್ಲೇ ಇದಕ್ಕಾಗಿ ಒಂದು ಸಂಘವು ಹುಟ್ಟಿತು. ೧೯೨೪ರಲ್ಲಿ ಇಂತಹ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟವನ್ನು ಮಾಡಿಕೊಂಡವು. ಆಗ ದೋಣಿಯನ್ನು ದಡದಿಂದ ನಡೆಸುವ ಉಪಾಯವಿರಲಿಲ್ಲ. ಚುಕ್ಕಾಣಿಯನ್ನು ಬಿಗಿದು ಬಿಟ್ಟರೆ ಅದು ನೇರವಾಗಿ ಎದುರು ದಡದ ಗುರಿಯನ್ನು ಮುಟ್ಟಬೇಕು; ಇಲ್ಲವೇ ಕೆರೆಯ ನಡುವಣ ಕಂಬಕ್ಕೆ ಕಟ್ಟಿದ ತಂತಿಯ ತುದಿಯಲ್ಲಿ ಗಾಣದ ಎತ್ತಿನಂತೆ ಸುತ್ತಬೇಕು. ಎರಡನೆಯ ಮಹಾಯುದ್ಧವು ಮುಗಿದ ತರುವಾಯ ರೇಡಿಯೋ ಭಾಗಗಳು ಸುಲಭವಾಗಿ ದೊರೆಯಲಾರಂಭಿಸಿದವು. ಹಲಗೆಗಳನ್ನು ಆಕಾರಕ್ಕೆ ಕತ್ತರಿಸಿ, ನಕ್ಷೆಯೊಡನೆ ಪೆಟ್ಟಿಗೆಯಲ್ಲಿಟ್ಟು ಮಾರುವ ಕಂಪನಿಗಳೂ ಹುಟ್ಟಿಕೊಂಡವು. ಅವುಗಳಲ್ಲಿ ಏರೋಕಿಟ್ಸ್ ಎಂಬುದರ ದೋಣಿಗಳು ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಅಲ್ಲಿ ಮನೆಮಾತಾಗಿದ್ದವು. ಸಂಬಳದಲ್ಲಿ ಉಳಿಸಿದ ಹಣದಿಂದ ಪೆಟ್ಟಿಗೆಯನ್ನು ತಂದು, ಅಡಿಗೆಮನೆಯ ಮೇಜಿನ ಮೇಲೆ, ರಾತ್ರಿ ಊಟವಾದ ಮೇಲೆ ದೋಣಿ ಕಟ್ಟಿದ ತಂದೆಯರು ಅಸಂಖ್ಯಾತರು.

ಆ ಕಾಲದ ರೇಡಿಯೋ ಯಂತ್ರವು ಹೇಗೆ ಕೆಲಸ ಮಾಡುತ್ತಿತ್ತೆಂಬುದು ತಿಳಿಯತಕ್ಕ ವಿಷಯ. ದಡದಲ್ಲಿದ್ದ ಪೆಟ್ಟಿಗೆಗೆ ಇದ್ದುದು ಒಂದೇ ಗುಂಡಿ. ಗುಂಡಿಯೊತ್ತಿದರೆ ಅಲೆ ಹೊರಡುವುದು, ಬಿಟ್ಟರೆ ನಿಲ್ಲುವುದು. ದೋಣಿಯಲ್ಲಿದ್ದ ಗಾಜಿನ ವಾಲ್ವು ಅಲೆಯನ್ನು ಹಿಡಿದು ಒಂದು ವಿದ್ಯುತ್ಕಾಂತವನ್ನು ಎಚ್ಚರಿಸುವುದು. ಆ ಕಾಂತದ ಕೊಕ್ಕೆ ಸರಿದೊಡನೆ, ಹುರಿಮಾಡಿದ ರಬ್ಬರಿನ ಸೆಳೆತಕ್ಕೆ ಸಿಕ್ಕ ಪುಟ್ಟ ಚಕ್ರವು ಕಾಲು ಸುತ್ತು ತಿರುಗಿ ಚುಕ್ಕಾಣಿಯನ್ನು ಹೊರಳಿಸುವುದು. ಮೊದಲ ಸಲ ಒತ್ತಿದರೆ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೊಮ್ಮೆ ಒತ್ತಿದರೆ ಎಡಕ್ಕೆ, ಬಿಟ್ಟರೆ ಪುನಃ ನೇರಕ್ಕೆ. ಹಿಂದೆ ಯಾವ ಕಡೆಗೆ ತಿರುಗಿಸಿದ್ದೆನೆಂಬುದನ್ನು ನಡೆಸುವವನು ಮರೆತರೆ ದೋಣಿಯು ಕಲ್ಲಿನ ದಡಕ್ಕೆ ಮೂಗು ಜಜ್ಜಿಕೊಳ್ಳುವುದು ಖಂಡಿತ. ವೇಗವನ್ನು ತಗ್ಗಿಸುವ ಉಪಾಯವೂ ಸಾಮಾನ್ಯವಾಗಿ ಇರಲಿಲ್ಲ. ಎಣ್ಣೆ ತೀರುವವರೆಗೆ ಓಟವೇ ಓಟ.

ಒಂದು ಕೆರೆಯಲ್ಲಿ ಹಲವರು ಏಕಕಾಲಕ್ಕೆ ದೋಣಿ ಬಿಡುವುದು ಮುಂದೆ ಸ್ಫಟಿಕದಿಂದ ಅಲೆಯ ಅಳತೆಯನ್ನು ಬಿಗಿಮಾಡಿದ ಮೇಲೆಯೇ ಸಾಧ್ಯವಾಯಿತು. ೨೭ ಮೆಗಾಹರ್ಟ್ಸ್ ಸುಮಾರಿನಲ್ಲಿ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಆರು ಬಣ್ಣಗಳ ಹೆಸರಿನಿಂದ ಅಳತೆಗಳನ್ನು ಗೊತ್ತುಮಾಡಿ, ಆಯಾ ಬಣ್ಣದ ಪತಾಕೆಯನ್ನು ಪೆಟ್ಟಿಗೆಯ ಕಡ್ಡಿಗೆ ಕಟ್ಟುತ್ತಿದ್ದರು. ಒಂದೇ ಬಣ್ಣದ ಇಬ್ಬರು ಒಟ್ಟಿಗೆ ಗುಂಡಿಯೊತ್ತಿದರೆ ಇಬ್ಬರ ದೋಣಿಗೂ ಗ್ರಹಚಾರ.

ಇಷ್ಟು ಪೀಠಿಕೆ ಸಾಕು. ಕೆಲವು ವರ್ಷಗಳ ಹಿಂದೆ ನಾವು ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ಬಾಡಿಗೆಯ ಮನೆಯಲ್ಲಿದ್ದಾಗ, ನೆರೆಮನೆಯ ವೃದ್ಧೆಯೊಬ್ಬರು ನಮ್ಮನ್ನು ಕರೆದು ಅಟ್ಟದಿಂದ ಒಂದು ಪೆಟ್ಟಿಗೆಯನ್ನು ಇಳಿಸಿಕೊಡುವಂತೆ ಕೇಳಿದರು. ಒಳಗೆ ಹಳೆಯ ಕಂಬಳಿಯಲ್ಲಿ ಸುತ್ತಿದ್ದ ೩೪ ಅಂಗುಲದ ದೋಣಿಯಿತ್ತು. ಅದನ್ನು ಕಟ್ಟಿದವರು ಅವರ ದಿವಂಗತ ಪತಿ. ಮೂತಿಯ ಎರಡು ಕಡೆಗಳಲ್ಲಿಯೂ ಬಿಳಿಯ ಬಣ್ಣದಲ್ಲಿ ಬರೆದಿದ್ದ ಹೆಸರು ಆ ವೃದ್ಧೆಯದೇ. "ನಿಮ್ಮ ಕೈಯಲ್ಲಿ ಕೆಲಸವಿದೆಯೆಂದು ಕಂಡಿದ್ದೇನೆ. ನಾನಿರುವಾಗಲೇ ಇದನ್ನು ಇನ್ನೊಮ್ಮೆ ನೀರಿನ ಮೇಲೆ ನೋಡುವ ಹಾಗೆ ಮಾಡಬಲ್ಲಿರಾ?" ಎಂದರು. ಒಪ್ಪಿಕೊಂಡೆವು. ಅವರಿಗೆ ಆಗ ಎಂಬತ್ತೆಂಟು ವರ್ಷ. ಕೆಲಸವನ್ನು ಮುಂದೂಡುವಂತಿರಲಿಲ್ಲ.

ದೋಣಿಯ ಸ್ಥಿತಿಯನ್ನು ಹೇಳುತ್ತೇವೆ. ಅಡಿಮರವೂ ಅಡ್ಡಪಟ್ಟಿಗಳೂ ಗಟ್ಟಿಯಾಗಿದ್ದವು. ಆದರೆ ಅಡಿಯ ಪ್ಲೈವುಡ್ ಹಲಗೆಯು ಒಂದು ಅಂಚಿನಲ್ಲಿ ಗೇಣುದ್ದ ಬಾಯಿಬಿಟ್ಟಿತ್ತು. ಬ್ಯಾಟರಿಯನ್ನು ತೆಗೆಯದೆ ಬಿಟ್ಟಿದ್ದರಿಂದ ಅದು ಸೋರಿ ತಂತಿಗಳನ್ನು ಹಸಿರು ಪುಡಿಯನ್ನಾಗಿ ಮಾಡಿತ್ತು. ಯಂತ್ರವು ಕಲ್ಲಿನಂತೆ ಬಿಗಿದಿತ್ತು. ಚಾವಣಿಯ ಹಲಗೆಯನ್ನು ಎತ್ತಿದಾಗ ಒಳಮೈಯಲ್ಲಿ ಸೀಸದಕಡ್ಡಿಯಿಂದ ಬರೆದ ಅಳತೆಗಳೂ ೧೯೬೧ ಎಂಬ ವರ್ಷವೂ ಕಂಡವು.

ಯಂತ್ರವು ಬಿಗಿಯಲು ಕಾರಣ ನಮ್ಮ ವಾಚಕರಿಗೆ ಪರಿಚಿತವಾದ ವಸ್ತುವೇ, ಹರಳೆಣ್ಣೆ. ಈ ಪುಟ್ಟ ಡೀಸೆಲ್ ಯಂತ್ರಗಳಿಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಈ ಮೂರನ್ನೂ ಸಮಸಮವಾಗಿ ಬೆರಸಿ ಕುಡಿಸುವುದು ಹಳೆಯ ಪದ್ಧತಿ. ಈಥರ್ ಒತ್ತಡದ ಬಿಸಿಗೇ ಹೊತ್ತಿಕೊಳ್ಳುವುದರಿಂದ ಕಿಡಿಯ ಅಗತ್ಯವಿಲ್ಲ. ಹರಳೆಣ್ಣೆಯು ಉರಿಯ ನಡುವೆಯೂ ಜಾರಿಕೆಯನ್ನು ಬಿಡುವುದಿಲ್ಲ. ಆದರೆ ವರ್ಷಗಟ್ಟಲೆ ನಿಂತರೆ ಅದೇ ಎಣ್ಣೆ ಅರಗಿನಂತೆ ಅಂಟಿಕೊಳ್ಳುತ್ತದೆ. ಇಂತಹ ಯಂತ್ರವನ್ನು ಇಕ್ಕಳದಿಂದ ತಿರುಗಿಸಹೋದರೆ ಒಳಗಿನ ಕಡ್ಡಿ ಬಾಗುವುದು. ಮೋಟಾರುಗಾಡಿಯ ತಂಪುದ್ರವದಲ್ಲಿ ಅದನ್ನು ಮುಳುಗಿಸಿ, ಕುದಿಯದಂತೆ ಸಣ್ಣ ಕಾವಿನಲ್ಲಿ ಕೆಲವು ಗಂಟೆ ಇಟ್ಟರೆ ಅಂಟು ಬಿಡುತ್ತದೆ. ಆ ದ್ರವವು ಸಿಹಿಯಾದ ವಿಷವಾದಕಾರಣ ಅಡಿಗೆಯ ಪಾತ್ರೆಯನ್ನು ಇದಕ್ಕೆ ಮುಟ್ಟಿಸಬಾರದು; ಕೆಲಸವು ಮನೆಯ ಹೊರಗೇ ನಡೆಯತಕ್ಕದ್ದು. ಎರಡನೆಯ ದಿನ ಯಂತ್ರದ ಚಕ್ರವು ಬೆರಳಿನ ಒತ್ತಿಗೆ ಮೆಲ್ಲನೆ ತಿರುಗಿತು.

ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಹರಳೆಣ್ಣೆಯು ಇತರ ಎಣ್ಣೆಗಳಂತಲ್ಲದೆ ಸ್ಪಿರಿಟ್ಟಿನಲ್ಲಿ ಕರಗುವುದರಿಂದ, ಬಟ್ಟೆಯಿಂದ ಪುನಃ ಪುನಃ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಳಿದು ಒಣಗಿಸಿದೆವು. ಪುಡಿಯು ಮರದೊಳಗಿನ ಜಿಡ್ಡನ್ನು ಹೀರಿಕೊಂಡಿತು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಬಾಯಿಬಿಟ್ಟ ಅಂಚಿಗೆ ಹೊಸ ಅಂಟನ್ನು ತುಂಬಿ ಬಟ್ಟೆಯ ಪಟ್ಟಿಗಳಿಂದ ಬಿಗಿದೆವು. ಕೊಳೆತ ಎರಡು ಅಂಗುಲದ ತುಂಡೊಂದನ್ನು ಮಾತ್ರ ಕತ್ತರಿಸಿ ಹೊಸ ಹಲಗೆಯನ್ನು ಕೂಡಿಸಿದೆವು.

ಇಲ್ಲಿಯವರೆಗೆ ಸರಿಯಾಗಿ ನಡೆದ ಕೆಲಸದಲ್ಲಿ ನಮ್ಮಿಂದ ಒಂದು ದೊಡ್ಡ ತಪ್ಪು ಘಟಿಸಿತು. ಹಳೆಯ ನೀಲಿ ಬಣ್ಣವು ಅಲ್ಲಲ್ಲಿ ಸಿಡಿದಿತ್ತು. ಹೊಸದಾಗಿ ಬಳಿದರೆ ಚೆಂದವೆಂಬ ಉತ್ಸಾಹದಲ್ಲಿ ಒಂದು ಸಂಜೆ ಮರಳುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಲಾರಂಭಿಸಿದೆವು. ಹೆಸರನ್ನು ಆಮೇಲೆ ನಕಲುಮಾಡಿ ಬರೆಯೋಣವೆಂಬ ಎಣಿಕೆ. ಬಲಗಡೆಯ ಅಕ್ಷರಗಳು ಬಿಳಿಯ ನೀರಾಗಿ ಹರಿದುಹೋದವು. ಪಕ್ಕದಲ್ಲಿ ನಿಂತಿದ್ದ ನಮ್ಮ ಮಗನು, "ಅಪ್ಪಾ, ಅದನ್ನು ಬರೆದವರು ಅವರೇ ಅಲ್ಲವೆ?" ಎಂದ. ಕೈ ನಿಂತಿತು. ನಕ್ಷೆ ಅಂಗಡಿಯದು; ಹಲಗೆ ಕಂಪನಿಯದು; ಯಂತ್ರವೂ ಕೊಂಡದ್ದು. ಇಡೀ ದೋಣಿಯಲ್ಲಿ ಪೂರ್ಣವಾಗಿ ಆ ಮನುಷ್ಯನದೇ ಆಗಿದ್ದುದು ಆ ಅಕ್ಷರಗಳು. ಅವನ್ನೇ ನಾವು ಅಳಿಸಿದ್ದೆವು.

ಮರುದಿನ ದೋಣಿಯನ್ನು ಎತ್ತಿಕೊಂಡು ಹೋಗಿ ಆ ತಾಯಿಗೆ ತೋರಿಸಿ ಸಂಗತಿಯನ್ನು ಮುಚ್ಚದೆ ಹೇಳಿದೆವು. ಅವರು ಬಹಳ ಹೊತ್ತು ಆ ಬರಿಯ ಮರದ ಮೇಲೆ ಕೈಯಿಟ್ಟು ಕುಳಿತರು. ಆಮೇಲೆ, "ಈ ಕಡೆಯದನ್ನು ಅವರು ಎರಡು ಸಲ ಅಳಿಸಿ ಬರೆದಿದ್ದರು, ಕೊನೆಗೂ ಸಮಾಧಾನವಾಗಿರಲಿಲ್ಲ. ಆ ಕಡೆಯದು ಮೊದಲ ಸಲಕ್ಕೇ ಚೆನ್ನಾಗಿ ಬಂತು" ಎಂದರು. ನಕಲುಮಾಡಿ ಬರೆಯಲೇ ಎಂದು ಕೇಳಿದೆವು. "ಬೇಡ. ಬರೆಯುವವರು ಈಗಿಲ್ಲ. ಖಾಲಿಯೇ ಇರಲಿ" ಎಂದರು. ಕೋಪದ ಮಾತು ಒಂದೂ ಬರಲಿಲ್ಲ. ಬಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ದಿನದಿಂದ ನಮ್ಮ ಕ್ರಮವು ಬದಲಾಯಿತು. ಉಜ್ಜಿದ ಭಾಗಕ್ಕೆ ಮಾತ್ರ ಬಣ್ಣ ಬಳಿದು, ಉಳಿದುದರ ಬಿರುಕುಗಳಿಗೆ ತೆಳುವಾದ ವಾರ್ನಿಷನ್ನು ಊಡಿಸಿದೆವು. ಹಳೆಯ ವಾಲ್ವು, ರಬ್ಬರಿನ ಚಕ್ರಗಳನ್ನು ತೊಳೆದು ಅವುಗಳ ಜಾಗದಲ್ಲಿಯೇ ಇಟ್ಟೆವು. ಆದರೆ ಅವುಗಳಿಂದ ನಡೆಸಲಿಲ್ಲ. ಮಕ್ಕಳು ಆಡುವ ಕೆರೆಯಲ್ಲಿ ನಿಲ್ಲಿಸಲಾಗದ ದೋಣಿಯನ್ನು ಬಿಡುವುದು ನ್ಯಾಯವಲ್ಲ. ಈಗಿನ ೨.೪ ಗಿಗಾಹರ್ಟ್ಸ್ ಗ್ರಾಹಕವು ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಅದನ್ನು ಹೊಸ ರಂಧ್ರ ಕೊರೆಯದೆ ಅಡಗಿಸಿ, ಒಂದು ಮೋಟಾರಿನಿಂದ ಚುಕ್ಕಾಣಿಯೂ, ಇನ್ನೊಂದರಿಂದ ಎಣ್ಣೆಯ ನಾಳವನ್ನು ಅದುಮಿ ಯಂತ್ರವನ್ನು ನಿಲ್ಲಿಸುವ ಏರ್ಪಾಡೂ ಆದವು.

ಈ ಕೆಲಸಕ್ಕೆ ಕೈಹಾಕುವ ಗೃಹಸ್ಥರಿಗೆ ನಮ್ಮ ಅನುಭವದಿಂದ ಕೆಲವು ಮಾತುಗಳು. ಮೊದಲು ಎಲ್ಲ ಕಡೆಯಿಂದಲೂ ಛಾಯಾಚಿತ್ರ ತೆಗೆದಿಡಿರಿ. ಕಳಚಿದ ಪ್ರತಿ ತಿರುಪನ್ನೂ ಹೆಸರು ಬರೆದ ಲಕೋಟೆಯಲ್ಲಿ ಹಾಕಿಡಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣಗಿದುದನ್ನು ಉಜ್ಜಿ ಧೂಳೆಬ್ಬಿಸದೆ, ಮಕ್ಕಳನ್ನು ದೂರವಿಡಿರಿ. ಈಥರಿನ ಹತ್ತಿರ ದೀಪವಾಗಲಿ ಬೀಡಿಯಾಗಲಿ ಸುಳಿಯಬಾರದು. ಮತ್ತೆ ಕಳಚಿ ತೆಗೆಯಲಾಗದ ಯಾವುದನ್ನೂ ಹೊಸದಾಗಿ ಸೇರಿಸಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಗುರುತನ್ನು ಅಳಿಸುವ ಮುನ್ನ ಅದು ಯಾರದೆಂದು ಕೇಳಿರಿ. ಕೊಳೆಯನ್ನು ತೆಗೆಯುವುದು ಬೇರೆ, ಕೈಬರಹವನ್ನು ತೆಗೆಯುವುದು ಬೇರೆ.

ಅಕ್ಟೋಬರ್ ತಿಂಗಳ ಒಂದು ಭಾನುವಾರ, ಎಣ್ಣೆಯ ಯಂತ್ರಗಳಿಗೆ ಅನುಮತಿಯಿದ್ದ ಬೆಳಗ್ಗೆ, ಆ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೆರೆಯ ಬಳಿಗೆ ಕರೆದೊಯ್ದೆವು. ಚಕ್ರಕ್ಕೆ ಹುರಿ ಸುತ್ತಿ ಎಳೆದೆವು, ಹೊತ್ತಲಿಲ್ಲ. ಆರನೆಯ ಎಳೆತಕ್ಕೆ ಕರ್ಕಶವಾದ ಧ್ವನಿಯೆದ್ದು ಈಥರಿನ ವಾಸನೆ ಹರಡಿತು. ದೋಣಿಯು ಮೂತಿಯೆತ್ತಿ ನೀರನ್ನು ಸೀಳಿ ಹೊರಟಿತು. ಮಗನು ಅದನ್ನು ಹೆಸರಿದ್ದ ಎಡಮಗ್ಗುಲು ದಡಕ್ಕೆ ಕಾಣುವಂತೆ ಸುತ್ತಿಸುತ್ತಿದ್ದ. ಎರಡು ಸುತ್ತಿನ ಮೇಲೆ ಆ ತಾಯಿ, "ಇನ್ನೊಂದು ಕಡೆಗೂ ತಿರುಗಿಸಪ್ಪ" ಎಂದರು. ಅವನು ತಿರುಗಿಸಿದ. ಹೆಸರಿಲ್ಲದ ಮಗ್ಗುಲನ್ನೂ ಅವರು ಅಷ್ಟೇ ಹೊತ್ತು ನೋಡಿದರು.

ಆ ದೋಣಿಯು ಮತ್ತೆ ಅಟ್ಟಕ್ಕೆ ಏರಲಿಲ್ಲ. ಅವರ ಕೊಠಡಿಯ ಕಿಟಕಿಯ ಬಳಿ ಮೇಜಿನ ಮೇಲೆ ಕುಳಿತಿತು. ನಾವು ಊರಿಗೆ ಹಿಂದಿರುಗುವ ದಿನವೂ ಅಲ್ಲಿಯೇ ಇತ್ತು.