ಎಂಬತ್ತೇಳಕ್ಕೆ ಫ್ಯಾನು, ಮೂವತ್ತಕ್ಕೆ ಬ್ಯಾಟರಿ

ಬಾನೆಟ್ ಎತ್ತಿದ ಪ್ರೀಮಿಯರ್ ಪದ್ಮಿನಿಯ ಮುಂದೆ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ನಿನ್ನೆಯ ಪೇಪರಿನ ಒಂದು ಹಾಳೆಯನ್ನು ಗ್ರಿಲ್ಲಿಗೆ ಅಡ್ಡ ಹಿಡಿದರು. "ಕೊಡೋ" ಅಂದರು. ಬ್ಯಾಟರಿ ಹತ್ತಿರ ನಿಂತಿದ್ದ ಹುಡುಗ ವೈರಿನ ತುದಿಯನ್ನು ಟರ್ಮಿನಲ್ಲಿಗೆ ಮುಟ್ಟಿಸಿದ. ಚಟ್ ಅಂತ ಒಂದು ಕಿಡಿ; ಒಳಗೆ ಫ್ಯಾನು ಗುಂಯ್ ಎಂದಿತು. ಹಾಳೆ ಗ್ರಿಲ್ಲಿಗೆ ಅಂಟುವುದರ ಬದಲು ಎಗರಿ ಮೇಸ್ತ್ರಿಯ ಮುಖಕ್ಕೇ ಬಡಿಯಿತು.

"ಉಲ್ಟಾ."

ಎರಡು ವೈರು ಅದಲುಬದಲಾದವು. ಈ ಸಲ ಹಾಳೆ ಗ್ರಿಲ್ಲಿಗೆ ಗಪ್ಪನೆ ಕಚ್ಚಿಕೊಂಡಿತು. ಮೇಸ್ತ್ರಿ ಕೈ ಬಿಟ್ಟರೂ ಬೀಳಲಿಲ್ಲ. ಫ್ಯಾನು ಗುಜರಿಯಿಂದ ಬಂದದ್ದು, ಮಾರುತಿ 800ರದ್ದು. ಅದರ ವೈರನ್ನು ಹಿಂದೆ ಯಾರೋ ಬದಲಾಯಿಸಿದ್ದರು, ಹಾಗಾಗಿ ಬಣ್ಣ ನೋಡಿ ನಂಬುವ ಹಾಗಿರಲಿಲ್ಲ. ವೈರು ತಿರುಗಿಸಿದರೆ ಮೋಟಾರು ಹಿಮ್ಮುಖ ತಿರುಗುತ್ತದೆ, ನಿಜ. ಆದರೆ ರೆಕ್ಕೆಯ ಬಾಗು ಒಂದೇ ದಿಕ್ಕಿಗೆ ಹೊಂದುವಂಥದ್ದು. ರೇಡಿಯೇಟರಿನ ಹಿಂದೆ ನಿಂತು ಗಾಳಿ ಎಳೆಯಬೇಕಾದ ಫ್ಯಾನನ್ನು ತಪ್ಪಾಗಿ ತಿರುಗಿಸಿದರೆ, ಅದು ಎದುರಿನಿಂದ ನುಗ್ಗುವ ಗಾಳಿಯ ಜೊತೆಗೇ ಗುದ್ದಾಟಕ್ಕಿಳಿಯುತ್ತದೆ. ಇದನ್ನು ಪತ್ತೆಹಚ್ಚುವುದಕ್ಕೆ ಒಂದು ಪೇಪರ್ ಹಾಳೆಗಿಂತ ಒಳ್ಳೆಯ ಉಪಕರಣ ಇನ್ನೂ ಬಂದ ಹಾಗಿಲ್ಲ.

ಬೆಂಗಳೂರಿನ ಕಲಾಸಿಪಾಳ್ಯಕ್ಕೂ ಜೆ.ಸಿ. ರಸ್ತೆಗೂ ನಡುವಿನ ಗಲ್ಲಿಗಳಲ್ಲಿ ಇಂಥ ಅಂಗಡಿಗಳನ್ನು ಬೋರ್ಡು ನೋಡಿ ಹುಡುಕಬೇಕಾಗಿಲ್ಲ. ಹೊಸ್ತಿಲಲ್ಲಿ ಬಿಚ್ಚಿಟ್ಟ ಸೆಲ್ಫ್ ಮೋಟಾರು, ತಾಮ್ರದ ಸುರುಳಿ ಸುತ್ತಿದ ಆರ್ಮೇಚರು, ಗೋಡೆಯ ಮೊಳೆಗೆ ನೇತಾಡುವ ಹೋಲ್ಡರ್ ಬಲ್ಬು ಕಂಡರೆ ಅದು ಆಟೋ ಎಲೆಕ್ಟ್ರಿಷಿಯನ್ ಅಂಗಡಿ. ಈ ಮೇಸ್ತ್ರಿಯದು ಎಂಟಡಿ ಅಗಲದ ಜಾಗ. ಅರ್ಧದಷ್ಟು ಹಳೆಯ ವೈರಿಂಗ್ ಗಂಟುಗಳೇ ತುಂಬಿವೆ. ಕಾರು ರಸ್ತೆಯಲ್ಲೇ ನಿಲ್ಲಬೇಕು.

ಪದ್ಮಿನಿಯ ಯಜಮಾನರು ಬಸವನಗುಡಿಯವರು, ನಿವೃತ್ತ ಬ್ಯಾಂಕ್ ಉದ್ಯೋಗಿ. ಅವರಪ್ಪ ಕೊಂಡ ಗಾಡಿಯಂತೆ. ಮಿನರ್ವ ಸರ್ಕಲ್ ಸಿಗ್ನಲ್ ತಲುಪುವಷ್ಟರಲ್ಲಿ ಮುಳ್ಳು ಕೆಂಪಿಗೆ ಏರುತ್ತದೆ, ಬಾನೆಟ್ ಸಂದಿಯಿಂದ ಹಬೆ ಬರುತ್ತದೆ ಎಂಬುದು ಅವರ ದೂರು. ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿದ್ದಾಯಿತು, ಥರ್ಮೋಸ್ಟಾಟ್ ಬದಲಾಯಿಸಿದ್ದಾಯಿತು. ಕಾಯಿಲೆ ಇದ್ದದ್ದು ಕಾರಿನಲ್ಲಲ್ಲ, ಸಿಗ್ನಲ್ಲಿನಲ್ಲಿ.

ಫಿಯೆಟ್ 1100 ಮೂಲದ ಪದ್ಮಿನಿಯಲ್ಲೂ ಮಾರಿಸ್ ಆಕ್ಸ್‌ಫರ್ಡ್ ಮೂಲದ ಅಂಬಾಸಿಡರಿನಲ್ಲೂ ಫ್ಯಾನು ಎಂಜಿನ್ನಿಗೇ ಕಟ್ಟಿಕೊಂಡದ್ದು. ಬೆಲ್ಟು ನೀರಿನ ಪಂಪನ್ನು ತಿರುಗಿಸುತ್ತದೆ, ಪಂಪಿನ ಮೂತಿಗೆ ಫ್ಯಾನು. ಎಂಜಿನ್ ಜೋರಾದರೆ ಫ್ಯಾನು ಜೋರು, ಮೆಲ್ಲಗಾದರೆ ಮೆಲ್ಲಗೆ. ಮೈಸೂರು ರಸ್ತೆಯಲ್ಲಿ ಓಡುವಾಗ ಎದುರುಗಾಳಿಯೇ ಸಾಕು, ಆಗ ಫ್ಯಾನು ಗಿರಗಿರ ಸುತ್ತಿ ಪೆಟ್ರೋಲ್ ದಂಡ ಮಾಡುತ್ತದೆ. ಗಾಳಿಯೇ ಇಲ್ಲದೆ ನಿಂತಲ್ಲಿ ನಿಂತಾಗ ಎಂಜಿನ್ನಿನ ಜೊತೆ ಅದೂ ತೂಕಡಿಸುತ್ತದೆ. ಊರು ಖಾಲಿಯಿದ್ದ ಕಾಲಕ್ಕೆ ಈ ಏರ್ಪಾಡು ನಡೆಯಿತು. ಬೆಂಗಳೂರಿಗೆ ಇನ್ನೊಂದು ತೊಡಕೂ ಇದೆ. ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲಕ್ಕೆ ತಳ್ಳುತ್ತದೆ, ಸರಿ. ಆದರೆ ಮುಚ್ಚಳದ ರಬ್ಬರು ಹಳತಾಗಿ ಒತ್ತಡ ಸೋರಿದರೆ ಮತ್ತೆ ಅದೇ ತೊಂಬತ್ತೇಳು.

ಮೇಸ್ತ್ರಿ ಹೇಳುವ ಇತಿಹಾಸದಲ್ಲಿ ಎರಡೇ ಯುಗ: ಮಾರುತಿಗೆ ಮುಂಚೆ, ಮಾರುತಿಯಾದ ಮೇಲೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಎಂಜಿನ್ನು ಅಡ್ಡಡ್ಡ ಮಲಗಿತ್ತು. ಎಂಜಿನ್ನಿನ ಮೂತಿ ಪಕ್ಕಕ್ಕೆ, ರೇಡಿಯೇಟರ್ ಮುಂದಕ್ಕೆ; ಬೆಲ್ಟಿನಿಂದ ಫ್ಯಾನು ತಿರುಗಿಸುವಂತಿರಲಿಲ್ಲ. ಹಾಗಾಗಿ ಅದಕ್ಕೆ ಕರೆಂಟಿನ ಫ್ಯಾನು. "ಗಾಡಿ ಆಫ್ ಮಾಡಿದ್ರೂ ಫ್ಯಾನ್ ಓಡ್ತಾ ಇದೆ, ಏನಾಗಿದೆ ನೋಡಿ ಅಂತ ಗಾಬರಿಯಾಗಿ ಓಡಿ ಬರೋರು ಸಾರ್. ಏನೂ ಆಗಿಲ್ಲ, ಹೋಗಿ ಅಂತ ಕಳಿಸ್ತಿದ್ದೆ" ಎಂದು ನಗುತ್ತಾರೆ. ಆಗ ಅವರು ತಮ್ಮ ಗುರುವಿನ ಅಂಗಡಿಯಲ್ಲಿ ಟೀ ತರುವ ಹುಡುಗ. ಮುಂದೆ ಹಳೆಯ ಮಾರುತಿಗಳು ಗುಜರಿ ಸೇರತೊಡಗಿದವು. ಆ ಪುಟ್ಟ ಫ್ಯಾನು ಅಂಬಾಸಿಡರಿಗೂ ಪದ್ಮಿನಿಗೂ ಬದಲಿ ಅಂಗವಾಯಿತು.

ಫ್ಯಾನು ಕೂರಿಸುವುದು ಫಿಟ್ಟರನ ಕೆಲಸ: ಪಟ್ಟಿ ಕತ್ತರಿಸಿ, ತೂತು ಹೊಡೆದು, ಬೋಲ್ಟು ಬಿಗಿದರೆ ಮುಗಿಯಿತು. ಅದಕ್ಕೆ ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂದು ಕಲಿಸುವುದೇ ಎಲೆಕ್ಟ್ರಿಷಿಯನ್ ವಿದ್ಯೆ. ಅದರ ಜೀವ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿಯಲ್ಲಿದೆ.

ಮೇಸ್ತ್ರಿ ಒಂದು ರಿಲೇಯನ್ನು ಅಂಗೈ ಮೇಲೆ ಅಂಗಾತ ಇಟ್ಟುಕೊಂಡು ಹುಡುಗನಿಗೆ ಪಾಠ ಒಪ್ಪಿಸಲು ಹೇಳುತ್ತಾರೆ. ನಾಲ್ಕು ಕಾಲು, ನಾಲ್ಕು ನಂಬರು. 30ಕ್ಕೆ ಬ್ಯಾಟರಿಯಿಂದ ನೇರ ಕರೆಂಟು, ನಡುವೆ ಫ್ಯೂಸು. 87ರಿಂದ ಫ್ಯಾನಿಗೆ. 85, 86 ಒಳಗಿನ ಕಾಯಿಲ್‌ಗೆ. ಕಾಯಿಲ್ ಕುಡಿಯುವುದು ಆಂಪಿಯರಿನ ಆರನೇ ಒಂದು ಪಾಲಿನಷ್ಟು. ಅಷ್ಟಕ್ಕೇ ಅದು ಅಯಸ್ಕಾಂತವಾಗಿ 30, 87ನ್ನು ಟಕ್ಕನೆ ಕೂಡಿಸುತ್ತದೆ. ಫ್ಯಾನು ಎಳೆಯುವ ಏಳೆಂಟು ಆಂಪಿಯರ್ ದೊಡ್ಡ ದಾರಿಯಲ್ಲಿ ಹರಿಯುತ್ತದೆ. ಸೂಕ್ಷ್ಮ ಸ್ವಿಚ್ಚಿಗೆ ಸುಡುವ ಭಯವಿಲ್ಲ. ಈ ನಂಬರುಗಳು ಡಿಐಎನ್ 72552 ಎಂಬ ಜರ್ಮನ್ ಮಾನಕದವು. ಮೇಸ್ತ್ರಿಗೆ ಆ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಜರ್ಮನಿಯಲ್ಲಿ ಗೊತ್ತುಮಾಡಿದ ಮಗ್ಗಿ ಕಲಾಸಿಪಾಳ್ಯದ ಗಲ್ಲಿಯಲ್ಲಿ ಗುರುವಿನಿಂದ ಶಿಷ್ಯನಿಗೆ ಬಾಯಿಪಾಠವಾಗಿ ಇಳಿದಿದೆ. ಐದು ಕಾಲಿನ ರಿಲೇಯಲ್ಲಿ 87ಎ ಎಂಬ ನಡುವಿನ ಕಾಲೊಂದಿರುತ್ತದೆ. ರಿಲೇ ಮಲಗಿರುವಾಗ ಕರೆಂಟು ಬರುವುದು ಅಲ್ಲಿಗೆ. ಹೊಸ ಹುಡುಗರು ಫ್ಯಾನನ್ನು ಅದಕ್ಕೆ ಸಿಕ್ಕಿಸುತ್ತಾರೆ. ಎಂಜಿನ್ ತಣ್ಣಗಿದ್ದಾಗ ಫ್ಯಾನು ಓಡುತ್ತದೆ, ಬಿಸಿಯಾದಾಗ ನಿಲ್ಲುತ್ತದೆ! ಅಂಥ ಹುಡುಗನಿಗೆ ಆ ದಿನವೆಲ್ಲ '87ಎ' ಎಂದೇ ಅಡ್ಡಹೆಸರು.

ಕಾಯಿಲ್‌ಗೆ ಅಪ್ಪಣೆ ಕೊಡುವವರು ಯಾರು ಎಂಬುದರಲ್ಲಿ ಕಾಲಕ್ಕೆ ತಕ್ಕ ಹಾಗೆ ಬದಲಾವಣೆ ಆಗಿದೆ. ಮೊದಲು ಡ್ಯಾಶ್‌ಬೋರ್ಡಿನ ಕೆಳಗೊಂದು ಕೈ ಸ್ವಿಚ್ಚು. ಹಾಕಲು ಮರೆತರೆ ಹೆಡ್ ಗ್ಯಾಸ್ಕೆಟ್ ಹೋಯಿತು. ಆಮೇಲೆ ಬಿಸಿ ಏರಿದರೆ ತಾನೇ ಕೂಡಿಕೊಳ್ಳುವ ಥರ್ಮೋ ಸ್ವಿಚ್ಚು. ಹೊರದೇಶಗಳಲ್ಲಿ ಇಂಗ್ಲೆಂಡಿನ ಕೆನ್‌ಲೋ, ಆಸ್ಟ್ರೇಲಿಯಾದ ಡೇವಿಸ್ ಕ್ರೇಗ್‌ನಂಥ ಕಂಪನಿಗಳು ಫ್ಯಾನು, ಕಂಟ್ರೋಲರ್ ಸೇರಿಸಿಯೇ ಮಾರುತ್ತ ಬಂದಿವೆ. ಫ್ಯಾನನ್ನು ಒಮ್ಮೆಲೇ ಎಬ್ಬಿಸದೆ ಬಿಸಿಗೆ ತಕ್ಕಂತೆ ವೇಗ ಏರಿಸುವ ನಮೂನೆಗಳೂ ಇವೆ. ಈ ಗಲ್ಲಿಗೆ ಬರುವುದು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ, ಕೆಂಪು ಅಂಕಿ ತೋರಿಸುವ ಒಂದು ಪುಟ್ಟ ಬೋರ್ಡು. ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ಹಾಕುತ್ತಾರಲ್ಲ, ಅದೇ. ಅದರ ಸೆನ್ಸರ್ ತುದಿಯಲ್ಲಿರುವ ಮಣಿಯ ರೋಧ 25 ಡಿಗ್ರಿಯಲ್ಲಿ 10,000 ಓಮ್. ಬಿಸಿ 95ಕ್ಕೆ ಏರಿದರೆ ಸುಮಾರು 800ಕ್ಕೆ ಇಳಿಯುತ್ತದೆ. ಬೋರ್ಡು ಅದನ್ನೇ ಡಿಗ್ರಿಯಾಗಿ ಓದುತ್ತದೆ. ಬೋರ್ಡಿನ ಮೇಲೂ ಒಂದು ಚಿಕ್ಕ ರಿಲೇ ಇದೆ. ಫ್ಯಾನನ್ನು ನೇರವಾಗಿ ಅದಕ್ಕೇ ಕೊಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಫ್ಯಾನು ಏಳುವ ಕ್ಷಣದಲ್ಲಿ ಓಡುವಾಗಿನ ಎರಡು ಮೂರು ಪಟ್ಟು ಕರೆಂಟು ಎಳೆಯುವುದರಿಂದ ಆ ಚಿಕ್ಕ ರಿಲೇ ಕರಕಲಾಗುತ್ತದೆ. ಮೇಸ್ತ್ರಿ ಬೋರ್ಡಿಗೆ ದೊಡ್ಡ ರಿಲೇಯ ಕಾಯಿಲ್ ಎಳೆಯುವ ಕೆಲಸ ಮಾತ್ರ ಒಪ್ಪಿಸುತ್ತಾರೆ.

ಬೋರ್ಡು ಎಂಜಿನ್ನಿನ ಬಿಸಿಗೆ ಬಾಳುವುದಿಲ್ಲ. ಅದರ ಜಾಗ ಡ್ಯಾಶ್‌ಬೋರ್ಡಿನ ಕೆಳಗೆ. ಸೆನ್ಸರ್ ಮಾತ್ರ ಮುಂದೆ ಹೋಗುತ್ತದೆ. ಮೇಲಿನ ಹೋಸ್ ಪೈಪನ್ನು ಕತ್ತರಿಸಿ ಅಲ್ಯೂಮಿನಿಯಂ ತುಂಡೊಂದನ್ನು ನಡುವೆ ತೂರಿಸಿ, ಎರಡೂ ಬದಿ ಕ್ಲಿಪ್ ಬಿಗಿದು, ಆ ತುಂಡಿನಲ್ಲಿ ಸೆನ್ಸರ್ ಕೂರಿಸಿದರು. ಇಲ್ಲೊಂದು ಮೋಸ ಅಡಗಿದೆ. ಬೋರ್ಡಿನ ಬದಲು ಒಂದೇ ವೈರಿನ ಥರ್ಮೋ ಸ್ವಿಚ್ ಹಾಕಿದ್ದರೆ ಅದಕ್ಕೆ ಬಾಡಿಯಿಂದಲೇ ಅರ್ತ್ ಸಿಗಬೇಕು. ಎರಡೂ ಕಡೆ ರಬ್ಬರ್ ಇರುವ ಆ ತುಂಡಿಗೆ ಅರ್ತ್ ಎಲ್ಲಿಂದ ಬರಬೇಕು? ಒಂದು ವೈರು ಎಳೆದು ಚಾಸಿಗೆ ಕಟ್ಟದಿದ್ದರೆ ಸ್ವಿಚ್ಚು ಎಷ್ಟೇ ಸರಿ ಇದ್ದರೂ ಫ್ಯಾನು ಅಲ್ಲಾಡುವುದಿಲ್ಲ. ಹೀಗೆ ಸುಮ್ಮನೆ ಬಿಸಾಡಿದ ಒಳ್ಳೆಯ ಸ್ವಿಚ್ಚುಗಳ ಒಂದು ಡಬ್ಬಿಯೇ ಅಂಗಡಿಯಲ್ಲಿದೆ.

ವೈರಿನ ದಪ್ಪದ ವಿಷಯದಲ್ಲಿ ಮೇಸ್ತ್ರಿ ಜಗಳಕ್ಕೂ ತಯಾರು. ಯಜಮಾನರು ಉಳಿತಾಯದ ಮಾತು ತೆಗೆದರು. ಮೇಸ್ತ್ರಿ 1 ಸ್ಕ್ವೇರ್ ಎಂಎಂ ಮತ್ತು 2.5 ಸ್ಕ್ವೇರ್ ಎಂಎಂ ವೈರುಗಳ ತುದಿ ಸುಲಿದು ಪಕ್ಕಪಕ್ಕ ಹಿಡಿದರು, ಮಾತಾಡಲಿಲ್ಲ. ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರ್ ಎಂದಿಟ್ಟುಕೊಂಡರೆ, ಹತ್ತು ಆಂಪಿಯರಿಗೆ ಸಣ್ಣ ವೈರು ಮುಕ್ಕಾಲು ವೋಲ್ಟಿನಷ್ಟು ನುಂಗುತ್ತದೆ. ದಪ್ಪನೆಯದು ಕಾಲು ವೋಲ್ಟಿಗಿಂತ ಸ್ವಲ್ಪ ಹೆಚ್ಚು. ನುಂಗಿದ್ದೆಲ್ಲ ವೈರಿನಲ್ಲೇ ಬಿಸಿಯಾಗಿ ಕೂರುತ್ತದೆ. ಯಜಮಾನರು ದಪ್ಪನೆಯದಕ್ಕೇ ತಲೆಯಾಡಿಸಿದರು.

ಡೈನಮೋ ಮಾತೂ ಬಂತು. ಹಳೆಯ ಕಾರುಗಳ ಡೈನಮೋ ಪೂರ್ತಿ ವೇಗದಲ್ಲೂ ಕೊಡುತ್ತಿದ್ದುದು 20 ಆಂಪಿಯರ್ ಆಸುಪಾಸು. ಎಂಜಿನ್ ಮೆಲ್ಲಗಿರುವಾಗ ಕೊಡುವುದು ಲೆಕ್ಕಕ್ಕೇ ಇಲ್ಲ. ರಾತ್ರಿ ಸಿಗ್ನಲ್ಲಿನಲ್ಲಿ ಹೆಡ್‌ಲೈಟು, ಫ್ಯಾನು ಎರಡೂ ಹೊತ್ತಿಕೊಂಡರೆ ಬ್ಯಾಟರಿಯೇ ಎರಡಕ್ಕೂ ಊಟ ಹಾಕಬೇಕು. ಈ ಪದ್ಮಿನಿಗೆ ಯಾವಾಗಲೋ ಆಲ್ಟರ್ನೇಟರ್ ಹಾಕಿಸಿದ್ದರಿಂದ ಬಚಾವು. ಇನ್ನು ಎಷ್ಟೋ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಚಾಸಿಗೆ ಕಟ್ಟುತ್ತಿದ್ದುದು ಬ್ಯಾಟರಿಯ ಪಾಸಿಟಿವ್ ತುದಿ. ಅದನ್ನು ನೋಡದೆ ಬೋರ್ಡು ಸಿಕ್ಕಿಸಿದರೆ ಹೊಗೆ ಬರಲು ಒಂದು ಕ್ಷಣ ಸಾಕು.

ಊಟದ ಹೊತ್ತಿಗೆ ಮೇಸ್ತ್ರಿ ತಮ್ಮ ನೆಚ್ಚಿನ ಕಥೆ ತೆಗೆದರು. ಒಂದು ಅಂಬಾಸಿಡರಿಗೆ ದೆವ್ವ ಹೊಕ್ಕಿತ್ತಂತೆ. ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ಎಂಜಿನ್ನು ನಾಲ್ಕೈದು ಸೆಕೆಂಡು ಓಡುತ್ತಿತ್ತು. ಮನೆಯವರು ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಮೇಸ್ತ್ರಿ ಬಾನೆಟ್ ಎತ್ತಿ ನೋಡಿದರೆ, ಯಾರೋ ಪುಣ್ಯಾತ್ಮ ರಿಲೇಯನ್ನೇ ಹಾಕದೆ ಫ್ಯಾನಿಗೆ ಇಗ್ನಿಷನ್ ವೈರಿನಿಂದಲೇ ಕರೆಂಟು ಕೊಟ್ಟಿದ್ದ. ಕೀ ಆಫ್ ಮಾಡಿದರೂ ಫ್ಯಾನು ತಟ್ಟನೆ ನಿಲ್ಲುವುದಿಲ್ಲ. ತಿರುಗುವ ಮೋಟಾರು ಎಂದರೆ ಅದೇ ಒಂದು ಡೈನಮೋ. ಅದು ಹುಟ್ಟಿಸಿದ ಕರೆಂಟು ಅದೇ ವೈರಿನಲ್ಲಿ ಹಿಂದಕ್ಕೆ ಹರಿದು ಇಗ್ನಿಷನ್ ಕಾಯಿಲ್ ಸೇರಿ ಸ್ಪಾರ್ಕ್ ಕೊಡುತ್ತಿತ್ತು. "ಫ್ಯಾನಿಗೆ ಬೇರೆ ದಾರಿ ಮಾಡಿಕೊಟ್ಟೆ, ದೆವ್ವ ಹೋಯ್ತು. ನಿಂಬೆಹಣ್ಣು ಮಾತ್ರ ಬಿಚ್ಚಬೇಡಿ ಅಂದ್ರು ಅವ್ರು." ರಸ್ತೆ ದಾಟಿ ಬಂದ ಬಿಸಿ ಟೀ ಅಷ್ಟರಲ್ಲಿ ಆರಿತ್ತು.

ಇಂಥ ಕೆಲಸ ಈಗ ತಿಂಗಳಿಗೆ ಒಂದೆರಡು ಬಂದರೆ ಹೆಚ್ಚು. ಅಂಬಾಸಿಡರಿನ ತಯಾರಿಕೆಯೂ ಮಾರುತಿ 800ರದ್ದೂ 2014ರಲ್ಲಿ, ಒಂದೇ ವರ್ಷ, ನಿಂತುಹೋಯಿತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಹೊಸ ಕಾರಿನಲ್ಲಿ ಫ್ಯಾನಿಗೆ ಅಪ್ಪಣೆ ಕೊಡುವುದು ಎಂಜಿನ್ ಕಂಪ್ಯೂಟರು. ಕೆಟ್ಟರೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದುತ್ತಾರೆ, ಇಡೀ ಜೋಡಣೆಯನ್ನೇ ಬದಲಾಯಿಸುತ್ತಾರೆ. ಮೇಸ್ತ್ರಿಯ ಬಳಿ ಇರುವುದು ಎರಡು ವೈರು ಕಟ್ಟಿದ 12 ವೋಲ್ಟಿನ ಟೆಸ್ಟ್ ಲ್ಯಾಂಪು. ಅದನ್ನು ಕಂಪ್ಯೂಟರಿನ ವೈರಿಗೆ ಮುಟ್ಟಿಸಬೇಡ ಎಂದು ಹುಡುಗನಿಗೆ ಅವರೇ ಹೇಳಿಕೊಟ್ಟಿದ್ದಾರೆ. ಬಲ್ಬು ಎಳೆಯುವ ಕರೆಂಟಿಗೆ ಕಂಪ್ಯೂಟರು ಸುಟ್ಟೀತು. ಹುಡುಗ ಬರುವ ತಿಂಗಳಿಂದ ಎಲೆಕ್ಟ್ರಿಕ್ ಸ್ಕೂಟರ್ ಸರ್ವಿಸ್ ಸೆಂಟರಿಗೆ ಹೋಗುತ್ತಾನೆ. ಯೂನಿಫಾರ್ಮ್ ಕೊಡುತ್ತಾರಂತೆ.

ಸಂಜೆ ಐದರ ಹೊತ್ತಿಗೆ ಎಂಜಿನ್ ಚಾಲೂ ಆಯಿತು. 92ಕ್ಕೆ ಏಳು, 86ಕ್ಕೆ ಮಲಗು ಎಂದು ಬೋರ್ಡಿಗೆ ಹೇಳಿಯಾಗಿತ್ತು. ನಡುವೆ ಆ ಆರು ಡಿಗ್ರಿ ಬಿಡದಿದ್ದರೆ ರಿಲೇ ಟಕಟಕ ಎನ್ನುತ್ತಲೇ ಸತ್ತು ಹೋಗುತ್ತದೆ. ಮೂವರೂ ಕಿಟಕಿಗೆ ತಲೆ ಹಾಕಿ ಕೆಂಪು ಅಂಕಿ ನೋಡುತ್ತ ನಿಂತರು. 89. 90. ಬಹಳ ಹೊತ್ತು 91. ಟಕ್ ಎಂದು ಎಲ್ಲೋ ಸದ್ದಾಯಿತು, ಗ್ರಿಲ್ಲಿನ ಹಿಂದೆ ಫ್ಯಾನು ಎದ್ದಿತು. ಯಜಮಾನರು ದುಡ್ಡು ಎಣಿಸಿ ಕೊಟ್ಟು, ಎಂಜಿನ್ ಆಫ್ ಮಾಡಿ ಕೀ ತೆಗೆದರು. ಎಂಜಿನ್ ನಿಂತಿತು, ಫ್ಯಾನು ನಿಲ್ಲಲಿಲ್ಲ.

"ಇದು ಸರಿ ತಾನೇ?" ಎಂದು ಕೇಳಿದರು.

"ಸರಿ ಸಾರ್, ಅದರ ಪಾಡಿಗೆ ಬಿಡಿ."

ಹುಡುಗ ಅರ್ಧ ಷಟರ್ ಎಳೆದ. ಮೇಸ್ತ್ರಿ ಪೇಪರ್ ಹಾಳೆಯನ್ನು ಮಡಿಚಿ ಮೊಳೆಗೆ ಸಿಕ್ಕಿಸಿ, ಫ್ಯಾನು ನಿಲ್ಲುವ ತನಕ ಬಂಪರಿನ ಮೇಲೆ ಕೈಯಿಟ್ಟು ನಿಂತೇ ಇದ್ದರು.