ಹಳ್ಳದ ದಡ ಕುಸಿಯುವುದೇಕೆ? ಪಾತ್ರವನ್ನು ಪರೀಕ್ಷಿಸುವ ಕ್ರಮ

ಮಳೆಗಾಲ ಮುಗಿದೊಡನೆ ಹಳ್ಳದ ಅಂಚಿನಲ್ಲಿ ಜಮೀನುಳ್ಳವರು ದಡ ಕೊಚ್ಚಿಹೋಯಿತೆಂದೂ ಕಲ್ಲಿನ ಗೋಡೆ ಕಟ್ಟಿಸಬೇಕೆಂದೂ ಹೇಳುವುದು ವಾಡಿಕೆ. ಗ್ರಾಮದ ಮುಖಂಡರು ಗೋಡೆಗೆ ಹಣ ವೆಚ್ಚಮಾಡಿಸುವುದಕ್ಕೆ ಮುಂಚೆ ಹಳ್ಳದ ಗುಂಟ ಮೇಲಕ್ಕೂ ಕೆಳಕ್ಕೂ ಒಂದೆರಡು ಮೈಲಿ ನಡೆದು ನೋಡುವುದು ಲೇಸು.

ಕೊರೆತವೆಲ್ಲವೂ ರೋಗವಲ್ಲ. ತಿರುವಿನ ಹೊರಮಗ್ಗುಲಲ್ಲಿ ನೀರು ವೇಗವಾಗಿ ಹರಿದು ಮಣ್ಣನ್ನು ಕೊರೆಯುವುದೂ, ಒಳಮಗ್ಗುಲಲ್ಲಿ ವೇಗ ಕುಗ್ಗಿ ಮರಳು ನಿಲ್ಲುವುದೂ ಹೊಳೆಯ ಸ್ವಭಾವ. ಒಂದೆಡೆ ಹೋದದ್ದು ಮತ್ತೊಂದೆಡೆ ಸೇರುತ್ತ, ಪಾತ್ರದ ಅಗಲವೂ ಆಳವೂ ಹೆಚ್ಚುಕಡಿಮೆ ಮೊದಲಿನಂತೆಯೇ ಇದ್ದರೆ ಹಳ್ಳವು ಸುಸ್ಥಿತಿಯಲ್ಲಿದೆಯೆಂದು ತಿಳಿಯಬಹುದು. ಆದರೆ ನೇರವಾದ ಭಾಗದಲ್ಲಿಯೂ ಎರಡು ದಡಗಳೂ ಏಕಕಾಲದಲ್ಲಿ ಕುಸಿಯುತ್ತಿದ್ದರೆ, ದೋಷವು ದಡದಲ್ಲಿಲ್ಲ, ತಳದಲ್ಲಿದೆಯೆಂದು ಶಂಕಿಸತಕ್ಕದ್ದು.

ಹರಿಯುವ ನೀರಿಗೂ ಅದು ಹೊರುವ ಮರಳಿಗೂ ಇರುವ ಸಂಬಂಧವನ್ನು ಅಮೆರಿಕದ ಇಂಜಿನಿಯರ್ ಇ. ಡಬ್ಲ್ಯು. ಲೇನ್ ಎಂಬವರು 1955ರಲ್ಲಿ ಸೂತ್ರರೂಪವಾಗಿ ತಿಳಿಸಿದರು. ಅದನ್ನು ತಕ್ಕಡಿಯಂತೆ ಭಾವಿಸಬಹುದು: ನೀರಿನ ಪ್ರಮಾಣವೂ ಇಳಿಜಾರೂ ಒಂದು ತಟ್ಟೆ; ಮರಳಿನ ಪ್ರಮಾಣವೂ ಅದರ ಕಣದ ದಪ್ಪವೂ ಇನ್ನೊಂದು. ಮರಳನ್ನು ತೆಗೆದರೆ, ಅಥವಾ ಅಂಕುಡೊಂಕಾದ ಹಳ್ಳವನ್ನು ನೆಟ್ಟಗೆ ತೋಡಿ ಇಳಿಜಾರನ್ನು ಹೆಚ್ಚಿಸಿದರೆ, ಕಡಿಮೆಯಾದ ಹೊರೆಯನ್ನು ನೀರು ತಳದಿಂದಲೇ ಎತ್ತಿಕೊಳ್ಳುತ್ತದೆ. ಈ ಕೊರೆತವು ಮೇಲ್ಮುಖವಾಗಿಯೂ ಸಾಗುವುದೆಂಬುದನ್ನು ಬಹುಮಂದಿ ಅರಿಯರು. ಮರಳು ತೆಗೆದ ಹೊಂಡದ ಮೇಲಂಚಿನಲ್ಲಿ ಮೊಣಕಾಲೆತ್ತರದ ಧುಮುಕೊಂದು ಹುಟ್ಟಿ, ನೆರೆ ಬಂದಾಗಲೆಲ್ಲ ಹಿಂದೆ ಹಿಂದೆ ಸರಿಯುತ್ತ, ಹಿಡಿ ಮರಳನ್ನೂ ಮುಟ್ಟದ ಮೇಲಿನ ಗ್ರಾಮದ ದಡವನ್ನು ಕೆಡಹುತ್ತದೆ. ಅಲ್ಲಿ ಕಟ್ಟಿದ ಗೋಡೆಯ ಅಡಿಪಾಯವು ಕೆಲವೇ ವರ್ಷಗಳಲ್ಲಿ ತೂಗಾಡುವುದರಲ್ಲಿ ಆಶ್ಚರ್ಯವೇನು?

ತಳ ತಗ್ಗಿದ ಕುರುಹುಗಳು ಕಷ್ಟವಿಲ್ಲದೆ ಕಾಣುತ್ತವೆ. ಮೋರಿಯ ಬುನಾದಿ ಬಯಲಾಗಿರುತ್ತದೆ. ಹೊಂಗೆ, ಹೊಳೆಮತ್ತಿಗಳ ಬೇರುಗಳು ಗಾಳಿಯಲ್ಲಿ ನೇತಾಡುತ್ತವೆ. ಜೊಂಡು, ಲಾವಂಚ ನಿಂತಿದ್ದಲ್ಲಿ ಜಾಲಿಯೂ ಲಂಟಾನವೂ ಇಳಿದುಬಂದಿರುತ್ತವೆ. ಹಿಂದೆ ನೆರೆ ಹರಡಿ ಮೆಕ್ಕಲು ಬಿಡುತ್ತಿದ್ದ ಹೊಲಕ್ಕೆ ಈಗ ಅಷ್ಟೇ ಮಳೆಯಾದರೂ ನೀರೇರುವುದಿಲ್ಲ. ಇದನ್ನು ಕೆಲವರು ಲಾಭವೆಂದೆಣಿಸುವರು. ಹರಡಲು ಎಡೆಯಿಲ್ಲದ ನೆರೆಯು ತನ್ನ ಬಲವನ್ನೆಲ್ಲ ಪಾತ್ರದೊಳಗೇ ತೀರಿಸಿಕೊಳ್ಳುವುದು. ದಡದ ಮಣ್ಣಿನಲ್ಲಿದ್ದ ನೀರೂ ತಗ್ಗಿದ ತಳಕ್ಕೆ ಬಸಿದು, ಪಕ್ಕದ ತೆರೆದ ಬಾವಿಗಳು ಬೇಗ ಬತ್ತುವುವು.

ಹಳ್ಳ ಒಣಗಿದ್ದಕ್ಕೆಲ್ಲ ಪಾತ್ರವೇ ಕಾರಣವೆನ್ನಲೂ ಆಗದು. ನಂದಿಬೆಟ್ಟದ ಕಡೆಯಿಂದ ಹರಿಯುವ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವು 1933ರಲ್ಲಿ ಸಿದ್ಧವಾಯಿತು. ಮುಂದಿನ ದಶಕಗಳಲ್ಲಿ ಅದರ ಒಳಹರಿವು ಬಹಳವಾಗಿ ಕುಗ್ಗಿತು. ಮಳೆಯ ಕೊರತೆಯಿಂದ ಹೀಗಾಗಿಲ್ಲವೆಂದೂ, ಅಂತರ್ಜಲದ ಇಳಿತವೂ ನೀಲಗಿರಿ ತೋಪುಗಳೂ ಪ್ರಬಲ ಕಾರಣಗಳಾಗಿರುವ ಸಂಭವವಿದೆಯೆಂದೂ 2015ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಅಂಥಲ್ಲಿ ದಡಕ್ಕೆ ಕಲ್ಲು ಕಟ್ಟುವುದರಿಂದ ನೀರು ಮರಳಿ ಬಾರದು.

ತಳವೇ ತಗ್ಗುತ್ತಿರುವಲ್ಲಿ ಮೊದಲು ಮರಳು ತೆಗೆಯುವುದು ನಿಲ್ಲಬೇಕು. ಧುಮುಕಿನ ಬಾಯಿಗೆ ದಪ್ಪ ಕಲ್ಲುಗಳನ್ನು ಇಳಿಜಾರಾಗಿ ಹಾಸಿ ಅದು ಹಿಂದೆ ಸರಿಯದಂತೆ ತಡೆಯುವುದು ಎರಡನೆಯ ಕೆಲಸ. ಬಳಿಕ ದಡಗಳಲ್ಲಿ ಲಾವಂಚ, ಲಕ್ಕಿ, ಹೊಂಗೆಗಳನ್ನು ಹಿಡಿಸಿ, ದನಗಳು ನೀರಿಗಿಳಿಯಲು ಒಂದೇ ಕಡೆ ದಾರಿ ಗೊತ್ತುಮಾಡುವುದು. ಗೋಡೆಯ ಮಾತು ಅನಂತರದ್ದು.

ಪ್ರತಿ ವರ್ಷ ಡಿಸೆಂಬರಿನಲ್ಲಿ ಮೋರಿಯ ಮೇಲಿನ ಒಂದು ಗುರುತಿನಿಂದ ತಳದವರೆಗೆ ದಾರ ಬಿಟ್ಟು ಅಳೆದು, ಹತ್ತಿರದ ಬಾವಿಯ ನೀರಿನ ಮಟ್ಟದೊಡನೆ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಮೂರು ನಾಲ್ಕು ವರ್ಷಗಳ ಲೆಕ್ಕ ಕೈಯಲ್ಲಿದ್ದರೆ ಇಂಜಿನಿಯರೊಡನೆ ಮಾತನಾಡುವುದು ಸುಲಭ.