ಗೆದ್ದವರ ಗೋತ್ರ

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಗೆ ಹೋಗಿದ್ದೆ. ವಾಚಕರು ಮಂಡ್ಯದ ಕಡೆಯ ಮಳವಳ್ಳಿಯೆಂದು ಭಾವಿಸಬಾರದು, ಇದು ಬೇರೆ. ಇಲ್ಲಿಯ ಕಲ್ಲುಕಂಬದಲ್ಲಿ ಎರಡು ಪ್ರಾಕೃತ ಶಾಸನಗಳಿವೆ. ಮೊದಲನೆಯದು ವೈಜಯಂತಿಯ, ಎಂದರೆ ಬನವಾಸಿಯ, ದೊರೆಯಾದ ಚುಟುಕುಲದ ಶಾತಕರ್ಣಿಯದು. ಎರಡನೆಯದು ಆ ನೆಲಕ್ಕೆ ಒಡೆಯನಾಗಿ ಬಂದ ಕದಂಬನದು. ಹಿಂದೆ ನಡೆದಿದ್ದ ದತ್ತಿಯೊಂದನ್ನು ಅವನು ಅದೇ ದೇವರಿಗೆ ಮತ್ತೆ ಊರ್ಜಿತಗೊಳಿಸಿದ್ದಾನೆ. ಶಾತಕರ್ಣಿ ತನ್ನನ್ನು ಮಾನವ್ಯಗೋತ್ರದವನು, ಹಾರೀತೀಪುತ್ರನು ಎಂದು ಕರೆದುಕೊಂಡ. ಮುಂದೆ ಕದಂಬರ ಬಿರುದೂ ಅದೇ ಆಯಿತು.

"ಹಾಗಾದರೆ ಗೆದ್ದವರು ಯಾರು, ಸಾರ್?" ಎಂದನೊಬ್ಬ ಹುಡುಗ. ನನಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ರೋಮಿನ ನೆನಪು ಬಂತು.

ಕ್ರಿ.ಪೂ. 168ರಲ್ಲಿ ಪಿಡ್ನದ ರಣರಂಗದಲ್ಲಿ ಮ್ಯಾಸಿಡೋನಿಯವನ್ನು ಮುರಿದ ಎಮಿಲಿಯಸ್ ಪೌಲಸ್, ಸೋತ ಅರಸನ ಪುಸ್ತಕಭಂಡಾರವನ್ನು ತನ್ನ ಮಕ್ಕಳಿಗೆ ಕೊಟ್ಟನಂತೆ. ಮರುವರ್ಷ ಒತ್ತೆಯಾಳಾಗಿ ರೋಮಿಗೆ ಹೋದ ಸಾವಿರ ಗ್ರೀಕರಲ್ಲಿ ಪೊಲಿಬಿಯಸನೂ ಒಬ್ಬ. ಪೌಲಸನ ಮನೆಗೆ ಅವನು ಆಪ್ತನಾದ. ರೋಮಿನ ಏಳಿಗೆಯ ಚರಿತ್ರೆಯನ್ನು ಬರೆದವನೂ ಅವನೇ, ಅದೂ ಗ್ರೀಕಿನಲ್ಲಿ. ಆದರೆ ಕ್ರಿ.ಪೂ. 146ರಲ್ಲಿ ಕಾರಿಂತ್ ನಗರ ಸುಟ್ಟು ಬೂದಿಯಾಯಿತೆಂಬುದನ್ನು ಮರೆತು ಈ ಕಥೆಯನ್ನು ಹೇಳುವುದು ಸಲ್ಲದು.

ನಮ್ಮ ಬನವಾಸಿಗೂ ದಂಡು ಬಂತು. 6ನೆಯ ಶತಮಾನದ ಉತ್ತರಾರ್ಧದಲ್ಲಿ ಬಾದಾಮಿಯ ಕೀರ್ತಿವರ್ಮ ಕದಂಬರನ್ನು ಮುರಿದ. ಅವನ ಮಗ ಇಮ್ಮಡಿ ಪುಲಕೇಶಿ ಆ ಊರಿಗೆ ಮತ್ತೆ ಮುತ್ತಿಗೆ ಹಾಕಿದ. ಇದನ್ನು ಹೇಳುವುದು 634ರ ಐಹೊಳೆ ಶಾಸನ. ಬರೆದವನು ಗೆದ್ದವನ ಕವಿಯಾದ ರವಿಕೀರ್ತಿ. ಸೇನಾಸಮುದ್ರ ಸುತ್ತುಗಟ್ಟಿದಾಗ ನೆಲದ ಕೋಟೆ ಜಲದುರ್ಗದಂತೆ ಕಂಡಿತೆಂದು ಹೊಗಳುವ ಆ ಕವಿ, ವರದೆಯ ತೆರೆಗಳನ್ನೂ ಅಲ್ಲಿಯ ಹಂಸಗಳನ್ನೂ ಊರಿನ ಸಿರಿಯನ್ನೂ ಕಣ್ತುಂಬ ನೋಡದೆ ಮುಂದೆ ಸಾಗುವುದಿಲ್ಲ. ಶತ್ರುನಗರವನ್ನು ಹೀಗೆ ವರ್ಣಿಸಬೇಕಾದ ಅಗತ್ಯ ಅವನಿಗೇನಿತ್ತು?

ಸಂಜೆ ಸೊರಬದಲ್ಲಿ ತಂಗಿದೆವು. ಅಲ್ಲಿ ದೊರೆತ ತಾಮ್ರಪಟಗಳು ಪುಲಕೇಶಿಯ ಮೊಮ್ಮಗ ವಿನಯಾದಿತ್ಯನವು, 692ರವು. ಆಳುಪ ಚಿತ್ರವಾಹನ ಬಿನ್ನಹದಂತೆ ಕೊಟ್ಟ ದತ್ತಿ. ಅವುಗಳ ಅಚ್ಚಾದ ಪಾಠ ನನ್ನ ಚೀಲದಲ್ಲಿತ್ತು. ಬೆಳಗಿನ ಹುಡುಗನಿಗೇ ಓದಲು ಕೊಟ್ಟೆ. ಚಾಳುಕ್ಯರ ವಂಶಪ್ರಶಸ್ತಿಯನ್ನು ತಡವರಿಸುತ್ತ ಓದುತ್ತಿದ್ದವನು ಥಟ್ಟನೆ ನಿಂತ. ಇದು ರಕ್ತಸಂಬಂಧವೋ ಎರವಲೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ನನಗಂತೂ ಎರವಲೆಂದೇ ತೋರುತ್ತದೆ.

"ಸಾರ್, ಇವರೂ ಮಾನವ್ಯಗೋತ್ರದವರೇ! ಇವರೂ ಹಾರೀತೀಪುತ್ರರೇ!" ಎಂದ.